ಸಹಾಯ ಬೇಕು: ಕಿಡ್ನಿ ಕಸಿ ಆದ ಮೇಲೆ ಕೆಲಸಕ್ಕೆ ಹೋಗುತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಮಲ್ಪೆಯವರು. ಅಣ್ಣನಿಗೆ ಕಳೆದ ವರ್ಷ ಕಿಡ್ನಿ ಕಸಿ ಆಯ್ತು, ಕೊಟ್ಟದ್ದು ಅಮ್ಮ. ಇಬ್ಬರೂ ಚೆನ್ನಾಗಿದ್ದಾರೆ. ಡಯಾಲಿಸಿಸ್ ಇದ್ದಾಗ ನೀರನ್ನೂ ಅಳೆದು ಕುಡಿಯುತ್ತಿದ್ದವನು ಈಗ ಚೊಂಬು ಎತ್ತಿ ಕುಡಿಯುವುದನ್ನು ನೋಡುವುದೇ ನಮಗೆ ಖುಷಿ.

ಕಷ್ಟ ಇರುವುದು ಕೆಲಸದ್ದು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು 12 ಗಂಟೆಗೊಮ್ಮೆ ತಪ್ಪದೆ ತಗೊಳ್ಳಬೇಕು. ಅದರಿಂದ ಕೈ ನಡುಗುತ್ತದೆ. ಲೋಟ ಹಿಡಿದರೆ ಚಹಾ ತುಳುಕುತ್ತದೆ, ಬಲೆ ಹೊಲಿಯಲು ಆಗುತ್ತಿಲ್ಲ. ಈ ಔಷಧಿಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ, ಹಾಗಾಗಿ ಮಳೆಗಾಲದ ಕೆಸರು, ಇಲಿಜ್ವರ ಅಂದರೆ ಹೆದರಿಕೆ. ಬಂದರಿನಲ್ಲಿ ಬರಿಗಾಲಲ್ಲಿ ನಿಲ್ಲುವ ಕೆಲಸ ಬೇಡ ಎಂದಿದ್ದಾರೆ ಡಾಕ್ಟರ್. ಅವನಿಗೋ ಮನೆಯಲ್ಲಿ ಸುಮ್ನೆ ಕೂರುವುದೇ ದೊಡ್ಡ ಶಿಕ್ಷೆ. ಇಷ್ಟು ವರ್ಷ ದುಡಿದವನಿಗೆ ಹಾಗೆ ಅನಿಸುವುದು ಸಹಜ ಅಲ್ವಾ?

ಉಡುಪಿ, ಮಂಗಳೂರು ಕಡೆ ಕಸಿ ಆದ ಮೇಲೆ ಕೆಲಸಕ್ಕೆ ಮರಳಿದವರು ಇದ್ದರೆ ದಯವಿಟ್ಟು ಬರೆಯಿರಿ. ಯಾವ ಕೆಲಸ, ಎಷ್ಟು ತಿಂಗಳ ಮೇಲೆ ಹೋದಿರಿ? ಕೈ ನಡುಕ ಕಡಿಮೆ ಆಯ್ತಾ? ಐಸ್ ಪ್ಲಾಂಟಿನಲ್ಲೋ ಅಂಗಡಿಯಲ್ಲೋ ಕೂತು ಲೆಕ್ಕ ಬರೆಯುವ ಕೆಲಸ ಇದ್ದರೂ ತಿಳಿಸಿ. ಅಣ್ಣ ಪಿಯುಸಿ ಓದಿದ್ದಾನೆ, ಲೆಕ್ಕದಲ್ಲಿ ಗಟ್ಟಿ. ರಕ್ತ ಪರೀಕ್ಷೆಯ ದಿನ ಮಾತ್ರ ರಜೆ ಬೇಕಾಗುತ್ತದೆ.