ಎಂಜಿಬಿ ಎಕ್ಸಾಸ್ಟ್ ಸದ್ದು ಜಾಸ್ತಿ ಮಾಡಬೇಕು, ಆದರೆ ಕರ್ಕಶ ಆಗಬಾರದು

ಹಳೇಗಾಡಿ71:
ನನ್ನ ಹತ್ತಿರ 1971ರ ಎಂಜಿಬಿ ರೋಡ್‌ಸ್ಟರ್ ಇದೆ, ಮೇಲ್ಛಾವಣಿ ತೆಗೆಯಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ, ಎರಡು ಎಸ್‌ಯು ಕಾರ್ಬುರೇಟರ್, ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲ, ಎಲ್ಲಾ ಸ್ಟಾಕ್, ಅಂದರೆ ಕಂಪನಿ ಕೊಟ್ಟ ಹಾಗೇ. ಹೋದ ವರ್ಷ ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಯಿತು. ಹೊಸದು ಸಿಗುವ ತನಕ ಮೂರು ವಾರ ಹಾಗೇ ಓಡಿಸಿದೆ. ಆಗ ಬರುತ್ತಿದ್ದ ಸದ್ದು ಇದೆಯಲ್ಲ, ಗೇರ್ ಇಳಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಟಪಟ ಅನ್ನುತ್ತಾ ಇಳಿಯುತ್ತಿತ್ತು, ಅದನ್ನು ಕೇಳುವುದಕ್ಕೇ ಸುಮ್ನೆ ಇನ್ನೊಂದು ಸುತ್ತು ಹೋಗಿ ಬರುತ್ತಿದ್ದೆ. ಈಗ ಹೊಸ ಸೆಟ್ ಹಾಕಿದ ಮೇಲೆ ಕಾರು ಪೂರ್ತಿ ಮೆತ್ತಗಾಗಿದೆ.

ಆ ದನಿ ವಾಪಸ್ ಬೇಕು. ಇದರಲ್ಲಿ ಸೈಲೆನ್ಸರ್ ಡಬ್ಬಿ ಎರಡು, ಮುಂದೊಂದು ಹಿಂದೊಂದು. ಮುಂದಿನ ಡಬ್ಬಿ ತೆಗೆದು ನೇರ ಪೈಪ್ ಹಾಕಲಾ, ಹಿಂದಿನದನ್ನು ಬದಲಾಯಿಸಲಾ, ಅಥವಾ ಮ್ಯಾನಿಫೋಲ್ಡನ್ನೇ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಕೊಡುವ ಎರಕದ ಭಾಗ) ತೆಗೆದು ಉದ್ದ ಕೊಳವೆಗಳ ಹೆಡರ್ ಹಾಕಲಾ? ನಾನು ಇದರಲ್ಲಿ ದೂರದ ಪ್ರಯಾಣ ಮಾಡುತ್ತೇನೆ. ಕಿವಿ ನೋಯಬಾರದು.

ಎರಕದಕಬ್ಬಿಣ:
ಮೊದಲು ಒಂದು ಮಾತು. ತೂತಿನ ಸದ್ದು ಚೆನ್ನಾಗಿತ್ತು ಅಂತ ಹಾಗೆ ಮತ್ತೆ ಓಡಿಸಬೇಡಿ. ಓಪನ್ ಕಾರಿನಲ್ಲಿ ಹಿಂದಿನ ಗಾಳಿ ತಿರುಗಿ ಒಳಗೇ ಬರುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಏನೇ ಮಾಡಿದರೂ ಪೈಪಿನ ತುದಿ ಬಂಪರ್‌ಗಿಂತ ಹೊರಗೆ ಇರಲಿ.

ಈಗ ಸದ್ದಿನ ವಿಷಯ. ಸೈಲೆನ್ಸರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಒಳಗೆ ತಡೆಗೋಡೆಗಳು, ಕೋಣೆಗಳು. ಸದ್ದು ಅಲ್ಲಿ ಬಡಿದು ಬಡಿದು ಸಾಯುತ್ತದೆ. ಇನ್ನೊಂದು ನೇರ ಕೊಳವೆ, ಮೈತುಂಬ ಸಣ್ಣ ತೂತು, ಸುತ್ತ ಶಾಖ ತಡೆಯುವ ಉಣ್ಣೆ. ಈ ಎರಡನೆಯದು ಕೀರಲು ಸದ್ದನ್ನು ಹೀರಿಕೊಂಡು ತಗ್ಗಿನ ಗಡಸು ದನಿಯನ್ನು ಹೊರಗೆ ಬಿಡುತ್ತದೆ. ನಿಮಗೆ ಬೇಕಾಗಿರುವುದು ಇದೇ ಅನ್ನಿಸುತ್ತದೆ. ಎರಡೂ ಡಬ್ಬಿ ಇಟ್ಟುಕೊಳ್ಳಿ, ಹಿಂದಿನದನ್ನು ಮಾತ್ರ ನೇರ ಕೊಳವೆಯದಕ್ಕೆ ಬದಲಾಯಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದು ಏನು ಮಾಡಿತು ಅಂತ ಗೊತ್ತಾಗುವುದೇ ಇಲ್ಲ. ಪೈಪ್ 2 ಇಂಚು ದಾಟಬೇಕಿಲ್ಲ. ಅದಕ್ಕಿಂತ ದಪ್ಪ ಹಾಕಿದರೆ ಗ್ಯಾಸಿನ ವೇಗ ಕುಗ್ಗಿ ಕಡಿಮೆ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ, ಸದ್ದಿಗೂ ಒಂಥರಾ ಟೊಳ್ಳು ಬರುತ್ತದೆ.

ತೆಳು ಸ್ಟೇನ್‌ಲೆಸ್ ಪೈಪಿಗೆ ತಗಡಿನ ದನಿ ಇರುತ್ತದೆ ಅನ್ನುವುದೂ ನಿಜ. ಮೈಲ್ಡ್ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ, ಆದರೆ ದನಿ ಮೃದು. ನಾನು ಇವತ್ತಿಗೂ ಮೈಲ್ಡ್ ಸ್ಟೀಲೇ ಹಾಕುತ್ತೇನೆ.

ಮೂರುಸಾವಿರ_ಆರ್‌ಪಿಎಂ:
ನಾನು ಮುಂದಿನ ಡಬ್ಬಿ ತೆಗೆದವನು. ಮೊದಲ ದಿನ ಸ್ವರ್ಗ. ಎರಡು ಗಂಟೆ ಪ್ರಯಾಣ ಮಾಡಿದ ದಿನ ತಲೆಯೊಳಗೆ ಗುಂಯ್ ಅನ್ನುವುದು ರಾತ್ರಿ ಮಲಗುವ ತನಕ ನಿಲ್ಲಲಿಲ್ಲ.

ಕಾರಣ ಇದೆ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಬಡಿತ, ಅಂದರೆ 100 ಹರ್ಟ್ಸ್. ಆ ಗುಂಯ್ ಅದೇ. ಓವರ್‌ಡ್ರೈವ್ ಇಲ್ಲದ ಎಂಜಿಬಿಯಲ್ಲಿ ನಾಲ್ಕನೇ ಗೇರಿನಲ್ಲಿ 3000 ಅಂದರೆ ಗಂಟೆಗೆ ಸುಮಾರು 85 ಕಿ.ಮೀ. ನೀವು ದಿನವಿಡೀ ಓಡಿಸುವ ವೇಗ ಅದೇ ಅಲ್ವಾ? ಕಾರಿನ ಮೇಲ್ಛಾವಣಿ ಹಾಕಿಕೊಂಡರೆ ಇನ್ನೂ ಜಾಸ್ತಿ, ಒಳಗೆಲ್ಲ ಅದೇ ತುಂಬಿಕೊಳ್ಳುತ್ತದೆ.

ಒಂದು ತುದಿ ಮುಚ್ಚಿದ ಅಡ್ಡ ಪೈಪ್ ಬೆಸೆದು ಆ ಒಂದು ಸ್ವರವನ್ನು ಕೊಲ್ಲಬಹುದು. ಅದರ ಉದ್ದ ಅಲೆಯ ಉದ್ದದ ಕಾಲು ಭಾಗ ಇರಬೇಕು. ಬಿಸಿ ಗ್ಯಾಸಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 400 ಮೀಟರ್ ಅಂತ ಇಟ್ಟುಕೊಂಡರೂ 100 ಹರ್ಟ್ಸಿಗೆ 1 ಮೀಟರ್ ಪೈಪ್ ಬೇಕು. ಇಷ್ಟು ತಗ್ಗಿನ ಕಾರಿನ ಕೆಳಗೆ ಅದಕ್ಕೆ ಜಾಗ ಹುಡುಕುವ ಬದಲು ನಾನು ಡಬ್ಬಿಯನ್ನೇ ವಾಪಸ್ ಹಾಕಿದೆ. ಹಿಂದಿನದನ್ನು ಬದಲಾಯಿಸಿ ಅಂದಿದ್ದಾರಲ್ಲ, ನನ್ನ ಓಟೂ ಅದಕ್ಕೇ.

ಎಸ್‌ಯು_ಸೂಜಿ:
ಹೆಡರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎಂಜಿಬಿಯ ಈ ಬಿ ಸೀರೀಸ್ ಎಂಜಿನ್ನಿನ ಹೆಡ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಬರುವ ಬಾಯಿ) ಮೂರೇ ಇರುವುದು, 2 ಮತ್ತು 3ನೇ ಸಿಲಿಂಡರ್‌ಗೆ ನಡುವಿನ ಒಂದೇ ಪೋರ್ಟ್. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಆಗಿರುವುದರಿಂದ ನಡುವಿನ ಪೋರ್ಟಿಗೂ ಹೊರಗಿನ ಜೋಡಿಗೂ ಬಡಿತಗಳು ಸಮ ಅಂತರದಲ್ಲೇ ಬರುತ್ತವೆ. ಹಾಗಾಗಿ ಹೆಡರ್ ಹಾಕಿದ ತಕ್ಷಣ ದನಿ ಪೂರ್ತಿ ಬದಲಾಗುತ್ತದೆ ಅಂದುಕೊಳ್ಳಬೇಡಿ. ರಸ್ತೆಗೆ ಸ್ಟಾಕ್ ಮ್ಯಾನಿಫೋಲ್ಡ್ ಒಳ್ಳೆಯದೇ. ಎರಕದ ದಪ್ಪ ಗೋಡೆ ಆ ಟಿಣಿಟಿಣಿ ಸದ್ದನ್ನೂ ತಡೆಯುತ್ತದೆ.

ಹಾಕಲೇಬೇಕು ಅಂತಿದ್ದರೆ ಎರಡು ವಿಷಯ. ಇನ್‌ಟೇಕ್ (ಗಾಳಿ-ಪೆಟ್ರೋಲ್ ಒಳಗೆ ಹೋಗುವ ದಾರಿ), ಎಕ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ, ಎರಡನ್ನೂ ಒಂದೇ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ. ಹೆಡರಿನ ಫ್ಲ್ಯಾಂಜ್ (ಎಂಜಿನ್ನಿಗೆ ಬಿಗಿಯುವ ಚಪ್ಪಟೆ ಅಂಚು) ಇನ್‌ಟೇಕಿನ ಫ್ಲ್ಯಾಂಜ್‌ಗಿಂತ ತೆಳುವಾಗಿದ್ದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ನನಗೆ ಹೀಗೇ ಆಗಿ ಗ್ಯಾಸ್ ಸೋರಿ, ಆ ಟಿಕ್ ಟಿಕ್ ಸದ್ದು ಟ್ಯಾಪೆಟ್ಟಿನದು (ವಾಲ್ವ್ ಎತ್ತುವ ಭಾಗ) ಅಂದುಕೊಂಡು ಒಂದು ತಿಂಗಳು ಟ್ಯಾಪೆಟ್ ಹೊಂದಿಸುತ್ತಾ ಇದ್ದೆ! ಎರಡು ಫ್ಲ್ಯಾಂಜಿನ ದಪ್ಪವನ್ನೂ ಅಳೆದು ನೋಡಿ, ವ್ಯತ್ಯಾಸ ಇದ್ದರೆ ಮೆಟ್ಟಿಲಿನ ಹಾಗೆ ಕೊರೆದ ವಾಷರ್ ಮಾಡಿಸಿ. ಕಾರ್ಬುರೇಟರ್ ಕೆಳಗಿನ ಶಾಖದ ತಗಡನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ, ಅದಿಲ್ಲದೆ ಟ್ರಾಫಿಕ್‌ನಲ್ಲಿ ನಿಂತಾಗ ಕಾರ್ಬುರೇಟರಿನ ಫ್ಲೋಟ್ ಡಬ್ಬಿಯಲ್ಲೇ (ಪೆಟ್ರೋಲ್ ನಿಲ್ಲುವ ಜಾಗ) ಪೆಟ್ರೋಲ್ ಕುದಿಯುತ್ತದೆ.

ಇನ್ನೊಂದು, ಆ ಪಟಪಟ. ಕಾಲು ತೆಗೆದಾಗ ಉರಿಯದೆ ಉಳಿದ ಪೆಟ್ರೋಲ್ ಪೈಪಿನೊಳಗೆ ಗಾಳಿ ಸಿಕ್ಕಿ ಉರಿಯುವುದರಿಂದ ಅದು ಬರುತ್ತದೆ. ನಿಮ್ಮ ಗಾಡಿಯಲ್ಲಿ ಆ ತೂತಿನಿಂದಲೇ ಗಾಳಿ ಒಳಗೆ ಹೋಗುತ್ತಿತ್ತು. ಸೋರಿಕೆ ಇಲ್ಲದ ಪೈಪಿನಲ್ಲಿ ಅದು ಕಡಿಮೆಯಾಗುತ್ತದೆ, ಅದಕ್ಕೆಂದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಬೇಕಂತಲೇ ಸಮೃದ್ಧ (ಪೆಟ್ರೋಲ್ ಜಾಸ್ತಿ) ಮಾಡಿ ಇಡಬೇಡಿ.

ಹಳೇಗಾಡಿ71:
ಎಲ್ಲರಿಗೂ ಥ್ಯಾಂಕ್ಸ್. ತೂತಿನಿಂದ ಗಾಳಿ ಹೋಗುತ್ತಿತ್ತು ಅನ್ನುವುದು ಹೊಳೆದೇ ಇರಲಿಲ್ಲ. ಹೆಡರ್ ಬಿಟ್ಟೆ. ಹಿಂದಿನದನ್ನು ನೇರ ಕೊಳವೆಯದಕ್ಕೆ ಬದಲಾಯಿಸುತ್ತೇನೆ. ಆಮೇಲೆ ಮಿಶ್ರಣ ನೋಡಬೇಕಾ?

ಎಸ್‌ಯು_ಸೂಜಿ:
ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬುರೇಟರಿನ ಪಿಸ್ಟನ್ನನ್ನು ಅದನ್ನು ಎತ್ತುವ ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತಿ. ಆರ್‌ಪಿಎಂ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಡಿಮೆ, ಒಂದು ಕ್ಷಣ ಏರಿ ಇಳಿದರೆ ಸರಿ. ಎರಡೂ ಕಾರ್ಬುರೇಟರಿಗೆ ಬೇರೆ ಬೇರೆಯಾಗಿ ಮಾಡಿ.

ಎರಕದಕಬ್ಬಿಣ:
ಈಗಲೇ, ಹಳೇ ಡಬ್ಬಿ ಇರುವಾಗಲೇ, ಪೈಪಿನ ತುದಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಫೋನ್ ಹಿಡಿದು 3000ದಲ್ಲಿ ರೆಕಾರ್ಡ್ ಮಾಡಿ. ಹೊಸದು ಹಾಕಿದ ಮೇಲೆ ಅದೇ ಜಾಗದಿಂದ ಇನ್ನೊಂದು. ಎರಡನ್ನೂ ಇಲ್ಲಿ ಹಾಕಿ, ಕೇಳಬೇಕು ನನಗೆ. ತೆಗೆದ ಡಬ್ಬಿಯನ್ನು ಎಸೆಯಬೇಡಿ.