ಸಹಾಯ ಬೇಕು: ಅಮ್ಮ ಮನೆಯಲ್ಲಿ ಬಿದ್ರೆ ಕೂಡ್ಲೇ ಗೊತ್ತಾಗುವ ಹಾಗೆ ಎಂತ ಹಾಕುದು?

ಎಲ್ಲರಿಗೂ ನಮಸ್ಕಾರ, ಬ್ರಹ್ಮಾವರದ ಹತ್ರ ಹಳೇ ಮನೆಯಲ್ಲಿ ಅಮ್ಮ ಒಬ್ರೇ ಇರುದು, ವಯಸ್ಸು 78, ಬೆಂಗಳೂರಿಗೆ ಬಾ ಅಂದ್ರೆ ತೋಟ ಬಿಟ್ಟು ಬರುದಿಲ್ಲ ಅಂತಾರೆ, ಅವರಿಗೆ ಅಲ್ಲೇ ಖುಷಿ, ಅದು ಸರಿಯೇ. ನಂಗೆ ಹೆದರಿಕೆ ಇರುದು ಬಚ್ಚಲುಮನೆದ್ದು, ಮತ್ತೆ ಮಳೆಗಾಲದಲ್ಲಿ ಪಾಚಿ ಹಿಡಿಯುವ ಅಂಗಳದ್ದು.

ವಾಚ್ ಬಗ್ಗೆ ಓದಿದೆ, ಬಿದ್ದದ್ದನ್ನು ಕಂಡುಹಿಡಿಯುವ ಸೌಲಭ್ಯ ಆಪಲ್ ವಾಚಲ್ಲಿ 2018ರ ಸೀರೀಸ್ 4ರಿಂದ ಉಂಟಂತೆ, ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲ್ಲಾಡದಿದ್ರೆ ತಾನೇ ಎಮರ್ಜೆನ್ಸಿ ಕಾಲ್ ಮಾಡ್ತದೆ. ಆದ್ರೆ ಅದಕ್ಕೆ ಐಫೋನ್ ಬೇಕು, ಚಾರ್ಜ್ ಮಾಡ್ತಾ ಇರ್ಬೇಕು, ಅದಲ್ಲದೆ ಅಮ್ಮ ಸ್ನಾನಕ್ಕೆ ಹೋಗುವಾಗ ವಾಚ್ ಬಿಚ್ಚಿಡುವವರು, ಬೇಕಾದ್ದೇ ಆಗ ಅಲ್ವಾ. ಬಚ್ಚಲಲ್ಲಿ ಕ್ಯಾಮರಾ ಖಂಡಿತ ಬೇಡ, ಅವರ ಮರ್ಯಾದೆಯೂ ಮುಖ್ಯ. ರೇಡಾರ್ ಸೆನ್ಸರ್ ಅಂತ ಉಂಟು, ಫೋಟೋ ತೆಗೆಯುದಿಲ್ಲ, ರೇಡಿಯೋ ಅಲೆಯಲ್ಲಿ ಚಲನೆ ಮಾತ್ರ ಹಿಡಿಯುದು, ಅದನ್ನು ಯಾರಾದ್ರೂ ಹಾಕ್ಸಿದ್ದೀರಾ? ಕೂತ್ರೂ ಬಗ್ಗಿದ್ರೂ ಸುಮ್ನೆ ಅಲಾರಂ ಹೊಡೀತದಾ?

ಮತ್ತೆ ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದ್ರೆ ವೈಫೈಯೂ ಇಲ್ಲ. ರೂಟರಿಗೆ ಮಿನಿ ಯುಪಿಎಸ್ ಹಾಕ್ಬಹುದು, ಆದ್ರೆ ಸಿಡಿಲು ಬರುವಾಗ ಅಮ್ಮ ಎಲ್ಲಾ ಪ್ಲಗ್ ತೆಗೀತಾರೆ, ತೆಗೀಲೇಬೇಕು ಕೂಡ. ಸಿಮ್ ಹಾಕಿ ಬ್ಯಾಟರಿಯಲ್ಲಿ ನಡೆಯುವಂಥದ್ದು ಉಂಟಾ?

112, 108, ಹಿರಿಯರ ಸಹಾಯವಾಣಿ 14567 ಎಲ್ಲಾ ಅಮ್ಮನ ಫೋನಲ್ಲಿ ಸೇವ್ ಮಾಡಿ ಆಗಿದೆ, ಬಿದ್ದವರಿಗೆ ಫೋನ್ ಕೈಗೆ ಸಿಗದಿದ್ರೆ ಎಂತ ಮಾಡುದು ಮಾರ್ರೆ. ಉಡುಪಿ ಅಥವಾ ಮಂಗಳೂರಲ್ಲಿ ಮನೆಗೇ ಬಂದು ಫಿಟ್ ಮಾಡಿ, ಹಾಳಾದ್ರೆ ರಿಪೇರಿಗೂ ಸಿಗುವವರು ಇದ್ರೆ ದಯವಿಟ್ಟು ತಿಳಿಸಿ, ಮಳೆ ಶುರುವಾಗುವ ಮೊದಲು ಹಾಕಿಸ್ಬೇಕು.