ಸಟೈವಸ್, ಸಟೈವಾ, ಸಟೈವಮ್: ಮೂರು ಬೇರೆ ಪದಗಳಾ?

ಪ್ರಶ್ನೆ: ಸರ್, ಕೈತೋಟಕ್ಕೆ ಬೀಜ ತಂದೆ. ಮೂಲಂಗಿ ಪ್ಯಾಕೆಟ್ ಮೇಲೆ ‘ರಫಾನಸ್ ಸಟೈವಸ್’, ಕೊತ್ತಂಬರಿ ಮೇಲೆ ‘ಕೊರಿಯಾಂಡ್ರಮ್ ಸಟೈವಮ್’ ಅಂತಿದೆ. ಮಗಳ ಪುಸ್ತಕದಲ್ಲಿ ಭತ್ತಕ್ಕೆ ‘ಒರೈಜಾ ಸಟೈವಾ’. ಇವು ಬೇರೆ ಬೇರೆ ಪದಗಳಾ? ಅರ್ಥ ಏನು?

ಉತ್ತರ (ಸಸ್ಯಶಾಸ್ತ್ರ ಉಪನ್ಯಾಸಕ): ಪದ ಒಂದೇ. ಲ್ಯಾಟಿನ್‌ನಲ್ಲಿ ‘ಸೆರೆರೆ’ ಅಂದರೆ ಬಿತ್ತುವುದು, ‘ಸತುಸ್’ ಅಂದರೆ ಬಿತ್ತಿದ್ದು. ಅದರಿಂದ ಬಂದ ಗುಣವಾಚಕ ‘ಸತೀವುಸ್’: ಬಿತ್ತಿ ಬೆಳೆಯುವಂಥದ್ದು, ಕಾಡಿನದಲ್ಲ, ಹೊಲದ್ದು. ರೋಮನ್ನರು ಹೇಳುತ್ತಿದ್ದದ್ದು ಹಾಗೆ. ನಾವು ಇಂಗ್ಲಿಷಿನವರಿಂದ ಕಲಿತು ಸಟೈವಸ್ ಅನ್ನುತ್ತೇವೆ. ಬೀಜಕ್ಕೆ ರೋಮನ್ನರು ಹೇಳುತ್ತಿದ್ದ ‘ಸೆಮೆನ್’ ಕೂಡ ಅದೇ ಬೇರಿನದು.

ಇನ್ನು ಬಾಲದ ವಿಷಯ. ಕನ್ನಡದಲ್ಲಿ ಹೊಸ ಹುಡುಗ, ಹೊಸ ಹುಡುಗಿ, ಹೊಸ ಮನೆ. ‘ಹೊಸ’ ಬದಲಾಗುವುದೇ ಇಲ್ಲ. ಸಂಸ್ಕೃತದಲ್ಲಿ ಹಾಗಲ್ಲ: ನವಃ, ನವಾ, ನವಮ್. ಲ್ಯಾಟಿನ್‌ನಲ್ಲೂ ಅದೇ ಅರ್ಥಕ್ಕೆ ನೋವುಸ್, ನೋವಾ, ನೋವುಮ್! ಈ ಎರಡು ಸಾಲು ಪಕ್ಕಪಕ್ಕ ಬರೆದಾಗೆಲ್ಲ ನನಗೆ ಈಗಲೂ ಖುಷಿಯಾಗುತ್ತದೆ. ಎರಡೂ ಒಂದೇ ಮೂಲದ ಪದಗಳು. ಸಟೈವಸ್ ನಡೆಯುವುದೂ ಇದೇ ದಾರಿಯಲ್ಲಿ. ರಫಾನಸ್ ಪುಲ್ಲಿಂಗ, ಒರೈಜಾ ಸ್ತ್ರೀಲಿಂಗ, ಕೊರಿಯಾಂಡ್ರಮ್ ನಪುಂಸಕ. ಮೊದಲ ಹೆಸರಿನ ಲಿಂಗ ನೋಡಿಕೊಂಡು ಎರಡನೆಯದಕ್ಕೆ ಬಾಲ ಬರುತ್ತದೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಮೂರಕ್ಕೂ ಹೆಸರಿಟ್ಟಾಗಲೂ ಇದೇ ವ್ಯಾಕರಣ ಪಾಲಿಸಿದ. ವಿಭಕ್ತಿ ರೂಪಗಳು ಇನ್ನೂ ಬೇಕಾದಷ್ಟಿವೆ. ಆದರೆ ಗಿಡದ ಹೆಸರಿಗೆ ಪ್ರಥಮಾ ವಿಭಕ್ತಿ, ಏಕವಚನ ಸಾಕು.

ಇನ್ನೊಬ್ಬ ಸದಸ್ಯೆ: ಹಾಗಾದರೆ ಅರಳಿ ಮರ ‘ಫೈಕಸ್ ರಿಲಿಜಿಯೋಸಾ’ ಯಾಕೆ? ‘ಅಸ್’ ಇದ್ದರೆ ಪುಲ್ಲಿಂಗ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ಸಾಮಾನ್ಯವಾಗಿ ಹೌದು. ಆದರೆ ಲ್ಯಾಟಿನ್‌ನಲ್ಲಿ ಮರಗಳ ಹೆಸರು ಹೆಚ್ಚಾಗಿ ಸ್ತ್ರೀಲಿಂಗ, ಕೊನೆಗೆ ‘ಅಸ್’ ಇದ್ದರೂ. ಹುಣಸೆ ‘ಟಾಮರಿಂಡಸ್ ಇಂಡಿಕಾ’ ಆಗಿರುವುದೂ ಅದಕ್ಕೇ. ಅಂದಹಾಗೆ, ಟಾಮರಿಂಡಸ್ ಬಂದದ್ದು ಅರಬ್ಬೀಯ ‘ತಮ್ರ್ ಹಿಂದಿ’ಯಿಂದ, ಅಂದರೆ ಹಿಂದೂಸ್ತಾನದ ಖರ್ಜೂರ. ಒಂದೇ ಹೆಸರಲ್ಲಿ ನಮ್ಮ ದೇಶ ಎರಡು ಸಲ ಬಂತು!

ಮೊದಲು ಕೇಳಿದವರು: ಸರ್, ಬೆಳ್ಳುಳ್ಳಿ ‘ಅಲಿಯಮ್ ಸಟೈವಮ್’ ಸರಿ. ಈರುಳ್ಳಿ ಮಾತ್ರ ‘ಅಲಿಯಮ್ ಸೀಪಾ’. ಸೀಪಮ್ ಆಗಬೇಕಿತ್ತಲ್ಲ?

ಉತ್ತರ: ಇಲ್ಲ. ಸೀಪಾ ಗುಣವಾಚಕವೇ ಅಲ್ಲ. ರೋಮನ್ನರು ಈರುಳ್ಳಿಯನ್ನು ಕರೆಯುತ್ತಿದ್ದದ್ದೇ ಹಾಗೆ. ನಾಮಪದ ತನ್ನ ಲಿಂಗ ಬಿಡುವುದಿಲ್ಲ. ಬೆಳ್ಳುಳ್ಳಿ ವಿಷಯದಲ್ಲಿ ಇನ್ನೊಂದು ಮಾತು. ಅದನ್ನು ಎಸಳು ಊರಿ ಬೆಳೆಯುತ್ತೇವೆ, ಬಿತ್ತುವುದಿಲ್ಲ. ಆದರೂ ಸಟೈವಮ್ ತಪ್ಪಲ್ಲ, ಸೆರೆರೆ ಅಂದರೆ ನೆಡುವುದು ಅಂತಲೂ ಅರ್ಥವಿದೆ.